ಕುಂದ್ರೋಣೇನು?

ಗಂಗಾವತಿಯ ಬಸ್ ನಿಲ್ದಾಣದಲ್ಲಿ ಈಚೆಗೊಂದು ಮಧ್ಯಾಹ್ನ, ಯಾವುದೋ ದಲಾಲಿ ಅಂಗಡಿಯ ಗುಮಾಸ್ತನೆಂದು ತೋರುತ್ತಿದ್ದ ಮಧ್ಯವಯಸ್ಕನೊಬ್ಬನು ತನ್ನ ಸ್ನೇಹಿತನನ್ನು ಕುರಿತು "ಸಂಜೀಕ ಕುಂದ್ರೋಣೇನು, ದೋಸ್ತ?" ಎಂದು ಕೇಳಿದನು. ಆ ಸ್ನೇಹಿತನು ಅದಾಗಲೇ ಕಲ್ಲುಬೆಂಚಿನ ಮೇಲೆ ಪರಮಸುಖದಿಂದ ಕುಳಿತೇ ಇದ್ದನೆಂಬುದು ಇಬ್ಬರಲ್ಲಿ ಒಬ್ಬರಿಗೂ ವಿಚಿತ್ರವೆನಿಸಲಿಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಿಗಳ ಸೀಮೆಯಲ್ಲಿ ಈ ಕ್ರಿಯಾಪದದ ಮುಂದೆ 'ಸಂಜೀಕ' ಎಂಬುದು ಸೇರಿದೊಡನೆ ಅರ್ಥವು ಬೇರೊಂದಾಗುತ್ತದೆ. ಪೇಯದ ಹೆಸರಿಲ್ಲ, ಅಂಗಡಿಯ ಹೆಸರಿಲ್ಲ, ಆದರೂ ಕೇಳಿದವನಿಗೆ ಯಾವ ಬೀದಿಯ ಯಾವ ಬಾರಿನ ಯಾವ ಮೂಲೆಯ ಮೇಜೆಂಬುದೂ ತಿಳಿದುಹೋಗುತ್ತದೆ.

ನಿಜಾಮರ ಆಳ್ವಿಕೆಯು 1948ರವರೆಗೆ ಇಲ್ಲಿ ನಡೆದದ್ದರಿಂದ ಉರ್ದುವಿನ ಬೈಠಕ್ಕನ್ನು ತಂದು ಮುಂದಿಡುವ ವಿದ್ವಾಂಸರು ಇದ್ದಾರು; ಅವರೊಡನೆ ನನಗೆ ಜಗಳವಿಲ್ಲ, ಆಸಕ್ತಿಯೂ ಇಲ್ಲ. ನನ್ನ ಸಿದ್ಧಾಂತವು ಬೇರೆ. ಈಚಲ ಮರದಿಂದ ಇಳಿಸಿದ, ಈ ಕಡೆಯವರು ಸೇಂದಿಯೆಂದು ಕರೆಯುತ್ತಿದ್ದ ಹೆಂಡವು ನಸುಕಿನಲ್ಲಿ ಸಿಹಿಯಾಗಿದ್ದು, ಹೊತ್ತೇರಿದಂತೆ ತಾನಾಗಿಯೇ ಹುದುಗಿ ಹುಳಿಯಾಗುವಂಥದು. ಸಾರಾಯಿಯ ಮುಂದೆ ಬಹು ಸೌಮ್ಯವಾದದ್ದು, ಆದುದರಿಂದಲೇ ಬಹುಕಾಲವನ್ನು ಬೇಡುವಂಥದು. ಅದನ್ನು ತುಂಬಿದ ಮಣ್ಣಿನ ಗಡಿಗೆಗೆ ತಳವು ದುಂಡಗೆ. ನೆಲದಲ್ಲಿ ಕುಳಿಮಾಡಿ ಇರಿಸಿ, ಎದುರಿಗೆ ಕುಳ್ಳಿರದೆ ಕುಡಿಯುವುದು ಸಾಧ್ಯವೇ ಇಲ್ಲ. 'ಕುಂದ್ರುವುದು' ಹುಟ್ಟಿದ್ದು ಗಡಿಗೆಯ ಆ ದುಂಡುತಳದಿಂದ ಎಂದೇ ನನ್ನ ದೃಢವಾದ ನಂಬಿಕೆ. ಕುಳಿತುಕೊಳ್ಳುವುದರಿಂದ ಹೆಸರು ಪಡೆದವುಗಳ ಪಂಕ್ತಿಯೇನೂ ಸಾಮಾನ್ಯವಾದದ್ದಲ್ಲ: ಉಪನಿಷತ್ತು, ಪರಿಷತ್ತು, ಸಂಸತ್ತು, ಸದನ, ಇವೆಲ್ಲವೂ 'ಸದ್' ಎಂಬ ಒಂದೇ ಧಾತುವಿನ ಸಂತಾನ. ಇವುಗಳಲ್ಲಿ ಕೆಲವೆಡೆ ನಡೆಯುವ ಮಾತಿಗಿಂತ ನಮ್ಮ ಮೂಲೆಯ ಮೇಜಿನ ಮಾತು ಸಭ್ಯವಾಗಿರುತ್ತದೆಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಇನ್ನು 'ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದಂತೆ' ಎಂಬ ಗಾದೆ. ಲೋಕಾಪವಾದಕ್ಕೆ ಅಂಜಿ ನಡೆಯಬೇಕೆಂಬುದಕ್ಕೆ ದೃಷ್ಟಾಂತವಾಗಿ ಉಪಾಧ್ಯಾಯರು ಇದನ್ನು ತಲೆಮಾರುಗಳಿಂದ ಹೇಳಿಕೊಡುತ್ತ ಬಂದಿದ್ದಾರೆ. ಆ ಮಜ್ಜಿಗೆಯವನ ಪಕ್ಷವನ್ನು ವಹಿಸಿದವರನ್ನು ನಾನು ಕಾಣೆನು. ಈಚಲ ಮರವನ್ನು ಕಣ್ಣಾರೆ ಕಂಡವರು ವಿಚಾರಮಾಡಲಿ: ಅದರ ನೆರಳು ನೆರಳೆನಿಸುವಷ್ಟಿಲ್ಲ, ಗರಿಯ ಬುಡದಲ್ಲಿ ಮುಳ್ಳು ಬೇರೆ. ಯಲಬುರ್ಗಿಯ ಎರೆಹೊಲಗಳ ಬದುವಿನಲ್ಲಿ ತಂಪಾದ ಬೇವಿದೆ, ಹುಣಸೆಯಿದೆ. ಮಜ್ಜಿಗೆಯೋ ಮನೆಯದು. ಮನೆಯಲ್ಲೇ ಕುಡಿಯಬಹುದಾಗಿದ್ದ ಮಜ್ಜಿಗೆಯನ್ನು ಚೊಂಬಿನಲ್ಲಿ ಹೊತ್ತು, ಬೇವನ್ನೂ ಹುಣಸೆಯನ್ನೂ ದಾಟಿ, ಮುಳ್ಳಿನ ಮರದ ಬುಡಕ್ಕೆ ಬಿಸಿಲಿನಲ್ಲಿ ನಡೆದುಬಂದವನು ಏತಕ್ಕೆ ಬಂದನು? ಜನರಿಗಾಗಿ ಬಂದನು. ಮಳೆಯ ಮಾತು, ಎತ್ತಿನ ಕ್ರಯ, ಗವಿಮಠದ ಜಾತ್ರೆಗೆ ಹೋದ ಬೀಗರ ವರ್ತಮಾನ, ಹಿಂದಿನ ದಿನ ಅರ್ಧಕ್ಕೆ ನಿಂತ ವಾದ, ಇವೆಲ್ಲ ಅಲ್ಲಿದ್ದವು. ಬೇವಿನಡಿಯಲ್ಲಿ ನೆರಳು ಮಾತ್ರವಿದ್ದಿತು. ಗಾದೆ ಕಟ್ಟಿದವನು ಚೊಂಬಿನೊಳಗೆ ಇಣುಕಿ ನೋಡಲಿಲ್ಲವೆಂಬುದು ಒಂದು ತಪ್ಪು. ಪಕ್ಕದಲ್ಲಿ ಕುಳಿತು ಮಾತನ್ನು ಆಲಿಸಲಿಲ್ಲವೆಂಬುದು ಅದಕ್ಕಿಂತ ದೊಡ್ಡ ತಪ್ಪು. ಸ್ವತಃ ಹೆಂಡವನ್ನು ಮುಟ್ಟದ ಜಿ. ಪಿ. ರಾಜರತ್ನಂ ಅವರು ಕುಡುಕ ರತ್ನನ ಬಾಯಿಂದ ಪದಗಳನ್ನು ಹಾಡಿಸಿದರಲ್ಲವೆ? ಮಜ್ಜಿಗೆಯವನ ಗೋತ್ರದವರೇ ಅವರು.

ನೆರೆಹೊರೆಯ ಬಾರಿನ ಆಕರ್ಷಣೆಯೆಲ್ಲ ಇಷ್ಟೇ. ಅಕ್ಕಿಗಿರಣಿಯ ಧೂಳನ್ನು ಕೊಡವಿಕೊಂಡು ಬಂದ ಹಮಾಲನಿಗೂ, ಶಾಲೆಯ ಮೇಷ್ಟ್ರಿಗೂ, ನಾಲೆಗೆ ನೀರು ಯಾವಾಗ ಬಿಟ್ಟಾರೆಂದು ಚಿಂತಿಸುವ ರೈತನಿಗೂ ಅದೇ ಅಲುಗಾಡುವ ಕುರ್ಚಿ, ಅದೇ ಮಂಡಾಳ ಒಗ್ಗರಣಿ, ಅದೇ ಉಳ್ಳಾಗಡ್ಡಿ ಹೆಚ್ಚಿಹಾಕಿದ ಶೇಂಗಾ. 'ಮುಗೀತೇನ್ರೀ?' ಎಂದು ಯಾರೂ ಬಂದು ಕೇಳುವುದಿಲ್ಲ. ಸೋಡಾ ಮಾತ್ರ ಕುಡಿದು ಎದ್ದುಹೋಗುವವನಿಗೂ ಮಾಣಿಯು ಅಷ್ಟೇ ಆದರದಿಂದ ಮೇಜನ್ನು ಒರೆಸಿಕೊಡುತ್ತಾನೆ. ಕುಡಿತವು ಎಷ್ಟೋ ಸಂಸಾರಗಳನ್ನು ಹಾಳುಮಾಡಿದೆಯೆಂಬುದನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಹಾಳುಮಾಡುವ ಕುಡಿತಕ್ಕೆ ಕುರ್ಚಿಯೇ ಬೇಡ. ಅದು ನಿಂತೇ ನಡೆಯುತ್ತದೆ.

ಸಾರಾಯಿಯು 2007ರ ಜುಲೈ 1ರಿಂದ ರಾಜ್ಯದಲ್ಲಿ ನಿಷಿದ್ಧವಾಯಿತು. ಇಂದು ಹಳ್ಳಿಹಳ್ಳಿಗಳಲ್ಲಿ ಹೆಸರುವಾಸಿಯಾಗಿರುವುದು ಸರಕಾರಿ ಕಂಪನಿಯ ಎಂಎಸ್‌ಐಎಲ್ ಮಳಿಗೆ. ಅಲ್ಲಿ ಕೊಳ್ಳಬಹುದು, ಕುಳ್ಳಿರಕೂಡದೆಂಬುದು ನಿಯಮ. ಅದಕ್ಕೆ ತಕ್ಕಂತೆ ಮಾತೂ ಕೆಟ್ಟಿತು: ತೊಂಬತ್ತು ಮಿಲಿಯ ಪೊಟ್ಟಣವನ್ನು 'ಹೊಡೆಯುವುದು', 'ಏರಿಸುವುದು', 'ಹಾಕುವುದು', ಎಲ್ಲವೂ ಅವಸರದ, ಹಿಂಸೆಯ ಕ್ರಿಯಾಪದಗಳು. ಅಡುಗೆಮನೆಯ ಮರ್ಯಾದಸ್ಥ ಪದವಾದ 'ಎಣ್ಣೆ'ಯನ್ನು ತಂದು ಇದಕ್ಕೆ ಕಟ್ಟಿದವನಾರೋ, ಅವನಿಗೆ ಒಗ್ಗರಣೆಯಿಲ್ಲದ ಊಟವೇ ಒದಗಲಿ. ಬೆಂಗಳೂರಿನಿಂದ ರಜೆಗೆ ಬರುವ ಹುಡುಗರು 'ಚಿಲ್ ಆಗೋಣ' ಎನ್ನುತ್ತಾರೆ. ಕುಷ್ಟಗಿಯ ಏಪ್ರಿಲ್ ಬಿಸಿಲಿನಲ್ಲಿ ಅದು ಆಗುವ ಮಾತೂ ಅಲ್ಲ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಯಾರಾದರೂ ಪುನಃ ಪರಿಷ್ಕರಿಸುವುದಾದರೆ, ಕುಳ್ಳಿರುವುದಕ್ಕೆ ಸಂಬಂಧಿಸಿದ ಪದಗಳಡಿಯಲ್ಲಿ ಈ ಸಾಯಂಕಾಲದ ಅರ್ಥಕ್ಕೂ ಒಂದು ಪಂಕ್ತಿಯ ಸ್ಥಳವನ್ನು ಕೊಡಬೇಕು. ಯಲಬುರ್ಗಿ, ಕುಕನೂರುಗಳ ಕಡೆ ಇದಕ್ಕಿಂತ ಹಳೆಯ ಪ್ರಯೋಗವನ್ನು ಹಿರಿಯರ ಬಾಯಿಂದ ಕೇಳಿದ ವಾಚಕರು, ಸಂಕೋಚಪಡದೆ, ಆಡುಮಾತಿನಲ್ಲಿ ಇದ್ದುದನ್ನು ಇದ್ದಂತೆಯೇ ನನಗೆ ಬರೆದು ಕಳುಹಿಸಬೇಕೆಂದು ಪ್ರಾರ್ಥನೆ.