ಪ್ರಸಾಧನ ಸಾಮಗ್ರಿಗಳ ಹೊರಪೊಟ್ಟಣ ಕಡಿತ

ಪ್ರಸಾಧನ ಸಾಮಗ್ರಿಗಳ ಹೊರಪೊಟ್ಟಣ ಕಡಿತ ಎಂದರೆ ಟೂತ್‌ಪೇಸ್ಟ್, ಸಾಬೂನು, ಡಿಯೋಡರೆಂಟ್, ಮುಖಲೇಪ ಮೊದಲಾದ ನಿತ್ಯಬಳಕೆಯ ವಸ್ತುಗಳ ಕೊಳವೆ, ಬಾಟಲಿ ಅಥವಾ ಡಬ್ಬಿಯ ಮೇಲೆ ಹೆಚ್ಚುವರಿಯಾಗಿ ತೊಡಿಸುವ ರಟ್ಟಿನ ಪೆಟ್ಟಿಗೆ ಹಾಗೂ ಪ್ಲಾಸ್ಟಿಕ್ ಹಾಳೆಯನ್ನು ಕೈಬಿಡುವುದು ಅಥವಾ ಕುಗ್ಗಿಸುವುದು. ಪೊಟ್ಟಣಶಾಸ್ತ್ರದಲ್ಲಿ ವಸ್ತುವನ್ನು ನೇರವಾಗಿ ಮುಟ್ಟುವ ಹೊದಿಕೆಯನ್ನು ಪ್ರಾಥಮಿಕ ಪೊಟ್ಟಣ, ಅದರ ಮೇಲಿನದನ್ನು ದ್ವಿತೀಯಕ ಪೊಟ್ಟಣ, ಸಾಗಣೆಗೆ ಬಳಸುವ ದೊಡ್ಡ ರಟ್ಟಿನ ಡಬ್ಬವನ್ನು ತೃತೀಯಕ ಪೊಟ್ಟಣ ಎಂದು ಕರೆಯುತ್ತಾರೆ. ಇಲ್ಲಿ ಚರ್ಚೆಗೆ ಒಳಗಾಗುವುದು ಮುಖ್ಯವಾಗಿ ದ್ವಿತೀಯಕ ಪೊಟ್ಟಣ. ಟೂತ್‌ಪೇಸ್ಟ್ ಪೆಟ್ಟಿಗೆ ಇದರ ಅತ್ಯಂತ ಪರಿಚಿತ ಉದಾಹರಣೆ: ಕೊಳ್ಳುವವರು ಮನೆ ತಲುಪಿದ ಕೂಡಲೇ ಅದನ್ನು ಹರಿದು ಎಸೆಯುತ್ತಾರೆ, ಬಳಕೆಯ ಅವಧಿಯಲ್ಲಿ ಅದಕ್ಕೆ ಯಾವ ಕೆಲಸವೂ ಇರುವುದಿಲ್ಲ.

ಹೊರಪೆಟ್ಟಿಗೆಯ ಹಿನ್ನೆಲೆ

ಟೂತ್‌ಪೇಸ್ಟ್ ಮೊದಲು ಗಾಜಿನ ಭರಣಿಗಳಲ್ಲಿ ಮಾರಾಟವಾಗುತ್ತಿತ್ತು. ಹಿಸುಕಬಲ್ಲ ಲೋಹದ ಕೊಳವೆ 19ನೆಯ ಶತಮಾನದ ಕೊನೆಯಲ್ಲಿ ಬಂದಿತು. ಅಮೆರಿಕದ ಕೋಲ್ಗೇಟ್ ಸಂಸ್ಥೆ 1896ರಲ್ಲಿ ಇಂತಹ ಕೊಳವೆಯನ್ನು ಮಾರುಕಟ್ಟೆಗೆ ತಂದಿತು. ತವರ ಮತ್ತು ಸೀಸದ ಆ ಕೊಳವೆಗಳು ಮೃದುವಾಗಿದ್ದು, ಸ್ವಲ್ಪ ಒತ್ತಿದರೂ ಸೊಟ್ಟಗಾಗುತ್ತಿದ್ದವು. ಅವುಗಳನ್ನು ಒಂದರ ಮೇಲೊಂದು ಜೋಡಿಸಿಡುವುದು ಕಷ್ಟವಾಗಿತ್ತು, ಸಾಗಣೆಯಲ್ಲಿ ಒಡೆದು ಸೋರುವ ಭಯವೂ ಇತ್ತು. ರಟ್ಟಿನ ಪೆಟ್ಟಿಗೆ ಈ ತೊಂದರೆಗಳಿಗೆ ಸಮಂಜಸವಾದ ಉತ್ತರವಾಗಿತ್ತು.

20ನೆಯ ಶತಮಾನದ ಉತ್ತರಾರ್ಧದಲ್ಲಿ ಲೋಹದ ಜಾಗಕ್ಕೆ ಪ್ಲಾಸ್ಟಿಕ್ ಮತ್ತು ತೆಳು ಅಲ್ಯೂಮಿನಿಯಂ ಪದರಗಳನ್ನು ಅಂಟಿಸಿದ ಕೊಳವೆಗಳು ಬಂದವು. ಇವು ಹಿಸುಕಿದರೂ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತವೆ, ಸುಲಭವಾಗಿ ಒಡೆಯುವುದಿಲ್ಲ. ಅಗಲವಾದ ಚಪ್ಪಟೆ ಮುಚ್ಚಳ ಇರುವ ಕೊಳವೆಯನ್ನು ಅಂಗಡಿಯ ಹಲಗೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಲೂ ಬರುತ್ತದೆ. ರಕ್ಷಣೆಯ ಮೂಲ ಕಾರಣ ಹೀಗೆ ಬಹುಮಟ್ಟಿಗೆ ಇಲ್ಲವಾದರೂ ಪೆಟ್ಟಿಗೆ ಮಾತ್ರ ಉಳಿದುಕೊಂಡಿತು. ಅಷ್ಟರಲ್ಲಿ ಅದು ಬೇರೆ ಕೆಲಸಗಳನ್ನು ವಹಿಸಿಕೊಂಡಿತ್ತು: ಬಣ್ಣಬಣ್ಣದ ಜಾಹೀರಾತಿನ ಮೇಲ್ಮೈಯಾಗುವುದು, ವಸ್ತು ಇರುವುದಕ್ಕಿಂತ ದೊಡ್ಡದಾಗಿ ಕಾಣುವಂತೆ ಮಾಡುವುದು, ಸ್ವಯಂಸೇವಾ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಲು ನೆರವಾಗುವುದು. ಪೆಟ್ಟಿಗೆ ತುಂಬುವ ಯಂತ್ರಗಳ ಮೇಲೆ ಆಗಲೇ ಹೂಡಿದ ಬಂಡವಾಳವೂ ಬದಲಾವಣೆಗೆ ಅಡ್ಡಿಯಾಗಿದೆ.

ಅಮೆರಿಕದ ಡಿಯೋಡರೆಂಟ್ ಪೆಟ್ಟಿಗೆ

ಹೊರಪೆಟ್ಟಿಗೆ ಸಂಪೂರ್ಣವಾಗಿ ಮರೆಯಾದ ಪ್ರಸಂಗವೆಂದರೆ ಅಮೆರಿಕದ ಡಿಯೋಡರೆಂಟ್ ಪೆಟ್ಟಿಗೆಯದು. 1990ರ ದಶಕದ ಆರಂಭದವರೆಗೆ ಅಲ್ಲಿ ಡಿಯೋಡರೆಂಟ್ ಡಬ್ಬಿಗಳು ರಟ್ಟಿನ ಪೆಟ್ಟಿಗೆಯಲ್ಲಿಯೇ ದೊರೆಯುತ್ತಿದ್ದವು. ಪತ್ರಕರ್ತ ಚಾರ್ಲ್ಸ್ ಫಿಶ್‌ಮನ್ 2006ರಲ್ಲಿ ಪ್ರಕಟಿಸಿದ 'ದಿ ವಾಲ್‌ಮಾರ್ಟ್ ಎಫೆಕ್ಟ್' ಎಂಬ ಪುಸ್ತಕ ಈ ಕಥನದಿಂದಲೇ ಆರಂಭವಾಗುತ್ತದೆ. ಡಬ್ಬಿಯೇ ಗಟ್ಟಿಯಾಗಿರುವಾಗ ಪೆಟ್ಟಿಗೆ ವ್ಯರ್ಥವೆಂದು ವಾಲ್‌ಮಾರ್ಟ್ ಮಳಿಗೆ ಸರಣಿ ತೀರ್ಮಾನಿಸಿ, ಅದನ್ನು ಕೈಬಿಡುವಂತೆ ತಯಾರಕರನ್ನು ಕೇಳಿತು. ಒಂದು ಪೆಟ್ಟಿಗೆಯ ವೆಚ್ಚ ಸುಮಾರು 5 ಸೆಂಟ್ ಆಗಿತ್ತೆಂದೂ, ಉಳಿತಾಯವು ತಯಾರಕರು ಮತ್ತು ಗ್ರಾಹಕರ ನಡುವೆ ಹಂಚಿಕೆಯಾಯಿತೆಂದೂ ಫಿಶ್‌ಮನ್ ಬರೆಯುತ್ತಾರೆ. ಕೆಲವೇ ವರ್ಷಗಳಲ್ಲಿ ಪೆಟ್ಟಿಗೆಯಿಲ್ಲದ ಡಿಯೋಡರೆಂಟ್ ಅಲ್ಲಿ ಸಾಮಾನ್ಯವಾಯಿತು. ಇಲ್ಲಿ ಯಾವ ಕಾನೂನೂ ಇರಲಿಲ್ಲ. ಒಬ್ಬ ದೊಡ್ಡ ಖರೀದಿದಾರನ ಒತ್ತಡವೇ ಸಾಕಾಯಿತು. ಅಷ್ಟು ಪ್ರಬಲವಾದ ಖರೀದಿದಾರನಿಲ್ಲದ ಮಾರುಕಟ್ಟೆಗಳಲ್ಲಿ ಇದು ಹೀಗೆಯೇ ನಡೆಯುತ್ತಿತ್ತೆಂದು ಹೇಳಲಾಗದು.

ಜರ್ಮನಿಯ 1991ರ ನಿಯಮಾವಳಿ

ಸರ್ಕಾರಿ ನಿಯಮದ ಮೂಲಕ ಹೊರಪೊಟ್ಟಣವನ್ನು ನೇರವಾಗಿ ಗುರಿಯಾಗಿಸಿದ ಮೊದಲ ಪ್ರಮುಖ ಪ್ರಯತ್ನ ಜರ್ಮನಿಯದು. ಪರಿಸರ ಸಚಿವ ಕ್ಲಾಸ್ ಟೋಪ್ಫರ್ ಅವರ ಅವಧಿಯಲ್ಲಿ, 1991ರ ಜೂನ್ 12ರಂದು ಪೊಟ್ಟಣ ನಿಯಮಾವಳಿಯನ್ನು ಹೊರಡಿಸಲಾಯಿತು. ಮಾರಾಟದ ಪೊಟ್ಟಣದ ಮೇಲೆ ಸ್ವಯಂಸೇವಾ ಮಾರಾಟಕ್ಕಾಗಿ, ಕಳವು ತಡೆಯಲು ಅಥವಾ ಪ್ರಧಾನವಾಗಿ ಜಾಹೀರಾತಿಗಾಗಿ ಸೇರಿಸಿದ ಹೊದಿಕೆಯನ್ನು ಅದು ಪ್ರತ್ಯೇಕ ವರ್ಗವಾಗಿ ಗುರುತಿಸಿತು. ಈ ವ್ಯಾಖ್ಯೆಯಲ್ಲಿಯೇ ಒಂದು ನಿಲುವು ಅಡಗಿದೆ: ವಸ್ತುವನ್ನು ಕಾಪಾಡುವುದು ಇಂತಹ ಹೊದಿಕೆಯ ಉದ್ದೇಶವಲ್ಲ ಎಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು.

ನಿಯಮವು ಹೊರಪೊಟ್ಟಣವನ್ನು ನಿಷೇಧಿಸಲಿಲ್ಲ. 1992ರ ಏಪ್ರಿಲ್ 1ರಿಂದ ಅಂಗಡಿಯವರು ಅದನ್ನು ತಾವೇ ತೆಗೆದು ಮಾರಬೇಕು, ಇಲ್ಲವೇ ಗ್ರಾಹಕರು ಅಂಗಡಿಯಲ್ಲಿಯೇ ಬಿಚ್ಚಿ ಉಚಿತವಾಗಿ ಬಿಟ್ಟುಹೋಗಲು ಅವಕಾಶ ಕೊಡಬೇಕು ಎಂದು ವಿಧಿಸಿತು. ಹಣ ಕೊಟ್ಟು ಹೊರಬರುವ ಜಾಗದ ಬಳಿ ಇದಕ್ಕಾಗಿ ತೊಟ್ಟಿಗಳು ಬಂದವು. ಕಸದ ಹೊರೆ ಮನೆಯಿಂದ ಅಂಗಡಿಗೆ ವರ್ಗವಾದುದರಿಂದ ಮಾರಾಟಗಾರರು ತಯಾರಕರ ಮೇಲೆ ಒತ್ತಡ ಹೇರತೊಡಗಿದರು. ಹಲವು ಟೂತ್‌ಪೇಸ್ಟ್ ಕೊಳವೆಗಳು ಪೆಟ್ಟಿಗೆ ಕಳಚಿಕೊಂಡು ಮಾರುಕಟ್ಟೆಗೆ ಬಂದವು. ಇದರ ಜೊತೆಗೆ ಹಸಿರು ಚುಕ್ಕೆ ಎಂಬ ಗುರುತಿನ ಸಂಗ್ರಹಣಾ ವ್ಯವಸ್ಥೆಗೆ ತಯಾರಕರು ವಸ್ತು ಮತ್ತು ತೂಕಕ್ಕೆ ಅನುಗುಣವಾಗಿ ಶುಲ್ಕ ಕಟ್ಟಬೇಕಾಗಿತ್ತು. ಈ ನಿಯಮಾವಳಿಯ ಸ್ಥಾನದಲ್ಲಿ 2019ರ ಜನವರಿ 1ರಿಂದ ಪೊಟ್ಟಣ ಕಾಯ್ದೆ ಜಾರಿಗೆ ಬಂದಿದೆ.

ಇತರ ದೇಶಗಳು

ದಕ್ಷಿಣ ಕೊರಿಯಾ ಖಾಲಿ ಜಾಗವನ್ನೇ ಅಳೆಯುತ್ತದೆ. ಅಲ್ಲಿನ ನಿಯಮದಂತೆ ಮೈ ಮತ್ತು ಕೂದಲು ತೊಳೆಯುವ ವಸ್ತುಗಳ ಪೊಟ್ಟಣದಲ್ಲಿ ಖಾಲಿ ಜಾಗ ಶೇ. 15ನ್ನು, ಇತರ ಸೌಂದರ್ಯವರ್ಧಕಗಳಲ್ಲಿ ಶೇ. 10ನ್ನು ಮೀರಬಾರದು, ಪೊಟ್ಟಣದ ಪದರಗಳು 2ಕ್ಕಿಂತ ಹೆಚ್ಚಿರಬಾರದು. ಸುಗಂಧದ್ರವ್ಯಕ್ಕೆ ಖಾಲಿ ಜಾಗದ ಮಿತಿಯಿಂದ ವಿನಾಯಿತಿ ಇದೆ. ಚೀನಾದಲ್ಲಿ 2023ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮಾನದಂಡವು ಸೌಂದರ್ಯವರ್ಧಕಗಳಿಗೆ 4 ಪದರಗಳವರೆಗೆ ಅವಕಾಶ ಕೊಡುತ್ತದೆ. ಈ ಮಿತಿ ಸಾಕಷ್ಟು ಉದಾರವಾದುದೇ.

ಐರೋಪ್ಯ ಒಕ್ಕೂಟದ ಪೊಟ್ಟಣ ಮತ್ತು ಪೊಟ್ಟಣತ್ಯಾಜ್ಯ ನಿಯಮ 2025ರ ಫೆಬ್ರವರಿ 11ರಂದು ಅಸ್ತಿತ್ವಕ್ಕೆ ಬಂದಿತು. 2030ರಿಂದ ಪೊಟ್ಟಣದ ತೂಕ ಮತ್ತು ಗಾತ್ರವನ್ನು ಅಗತ್ಯದಷ್ಟಕ್ಕೆ ಇಳಿಸಬೇಕೆಂದೂ, ವಸ್ತು ದೊಡ್ಡದಾಗಿ ಕಾಣಲೆಂದು ಮಾಡುವ ಸುಳ್ಳು ತಳ ಹಾಗೂ ಇಮ್ಮಡಿ ಗೋಡೆಗಳು ಇರಬಾರದೆಂದೂ ಅದು ಹೇಳುತ್ತದೆ. ಹೋಟೆಲ್ ಕೋಣೆಗಳಲ್ಲಿ ಇಡುವ ಪುಟ್ಟ ಶಾಂಪೂ ಬಾಟಲಿಗಳಂತಹ ಒಮ್ಮೆ ಬಳಸಿ ಎಸೆಯುವ ಪೊಟ್ಟಣಗಳನ್ನೂ ಅದು ನಿರ್ಬಂಧಿಸುತ್ತದೆ.

ಭಾರತದಲ್ಲಿ

ಭಾರತದಲ್ಲಿ ಟೂತ್‌ಪೇಸ್ಟ್‌ಗೆ ಹೊರಪೆಟ್ಟಿಗೆ ಕಡ್ಡಾಯವೆಂಬ ನಂಬಿಕೆ ವ್ಯಾಪಕವಾಗಿದೆ, ಇದು ಸರಿಯಲ್ಲ. ಪ್ರಸಾಧನ ವಸ್ತುಗಳ ಹೆಸರು ಮತ್ತು ತಯಾರಕರ ವಿವರ ಒಳ ಹಾಗೂ ಹೊರ ಲೇಬಲ್‌ಗಳೆರಡರಲ್ಲೂ ಇರಬೇಕೆಂದು ನಿಯಮಗಳು ಹೇಳುತ್ತವೆಯಾದರೂ, ಪೊಟ್ಟಣಕ್ಕೆ ಒಂದೇ ಲೇಬಲ್ ಇದ್ದರೆ ಎಲ್ಲ ವಿವರಗಳೂ ಅದರಲ್ಲಿಯೇ ಇರಬೇಕೆಂಬ ಅವಕಾಶವನ್ನೂ ಅವೇ ಒದಗಿಸಿವೆ. ಗರಿಷ್ಠ ಮಾರಾಟ ಬೆಲೆ, ನಿವ್ವಳ ಪ್ರಮಾಣ ಮೊದಲಾದುವನ್ನು 2011ರ ಕಾನೂನುಬದ್ಧ ಮಾಪನ ನಿಯಮಗಳಂತೆ ನಮೂದಿಸಬೇಕು; ಅವುಗಳನ್ನು ಕೊಳವೆಯ ಮೇಲೆಯೇ ಮುದ್ರಿಸಬಹುದು.

2022ರ ಜುಲೈ 1ರಂದು ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧವು ಸಿಹಿತಿಂಡಿ ಡಬ್ಬ, ಆಮಂತ್ರಣ ಪತ್ರಿಕೆ ಮತ್ತು ಸಿಗರೇಟು ಪೊಟ್ಟಣಗಳ ಮೇಲೆ ಸುತ್ತುವ ಹಾಳೆಯನ್ನು ಹೆಸರಿಸಿದೆ. ಸಾಬೂನು ಅಥವಾ ಸೌಂದರ್ಯವರ್ಧಕಗಳ ಪೆಟ್ಟಿಗೆಯ ಮೇಲಿನ ಅದೇ ಬಗೆಯ ಹಾಳೆ ಆ ಪಟ್ಟಿಯಲ್ಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಹೊರಬಂದ ವಿಸ್ತರಿತ ಉತ್ಪಾದಕ ಹೊಣೆಗಾರಿಕೆಯ ಮಾರ್ಗಸೂಚಿಗಳು ಪ್ಲಾಸ್ಟಿಕ್ ಪೊಟ್ಟಣಗಳಿಗೆ ಸೀಮಿತವಾಗಿದ್ದು, ರಟ್ಟಿನ ಪೆಟ್ಟಿಗೆಯನ್ನು ಒಳಗೊಳ್ಳಲಿಲ್ಲ. ಕಾಗದ, ಗಾಜು ಮತ್ತು ಲೋಹದ ಪೊಟ್ಟಣಗಳಿಗೆ ಸಂಬಂಧಿಸಿದ ಕರಡು ನಿಯಮಗಳು 2024ರ ಡಿಸೆಂಬರ್‌ನಲ್ಲಿ ಪ್ರಕಟವಾದವು.

ಹೊರಪೆಟ್ಟಿಗೆಯನ್ನು ಕೇವಲ ಕಸವೆಂದು ಕಾಣಲಾಗದ ಸಂದರ್ಭಗಳೂ ಇವೆ. 1918ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸಾಬೂನು ಇದಕ್ಕೆ ನಿದರ್ಶನ. ಅದನ್ನು ರೂಪಿಸಿದ ಸೋಸಲೆ ಗರಳಪುರಿ ಶಾಸ್ತ್ರಿಯವರು ಪೆಟ್ಟಿಗೆಯನ್ನು ಆಭರಣದ ಕರಂಡಕದಂತೆ ಕಲ್ಪಿಸಿದರೆಂದು ಹೇಳಲಾಗುತ್ತದೆ. ಅಂಡಾಕಾರದ ಬಿಲ್ಲೆ, ಶರಭದ ಲಾಂಛನ ಮತ್ತು ಪೆಟ್ಟಿಗೆ ಮೂರೂ ಕೂಡಿ ಆ ಸಾಬೂನಿನ ಗುರುತಾಗಿವೆ. ಗಂಧದೆಣ್ಣೆಯ ಪರಿಮಳ ಆರದಂತೆ ಕಾಯ್ದುಕೊಳ್ಳಲೂ ಮುಚ್ಚಿದ ಹೊದಿಕೆ ಬೇಕಾಗುತ್ತದೆ. ಇನ್ನೊಂದೆಡೆ, ಭಾರತದ ಅನೇಕ ಅಗ್ಗದ ಸಾಬೂನುಗಳು ಮೊದಲಿನಿಂದಲೂ ಪೆಟ್ಟಿಗೆಯಿಲ್ಲದೆ ಬರಿಯ ಸುತ್ತುಹಾಳೆಯಲ್ಲಿಯೇ ಮಾರಾಟವಾಗುತ್ತಿವೆ. ಬೆಲೆ ಏರಿದಂತೆ ಹೊದಿಕೆಯೂ ಹೆಚ್ಚುವುದು ಇಲ್ಲಿನ ಸಾಮಾನ್ಯ ನಡಾವಳಿ.

ಆಕ್ಷೇಪಗಳು ಮತ್ತು ಮಿತಿಗಳು

ನಕಲಿ ಸರಕು ಮತ್ತು ಕಲಬೆರಕೆಯ ಭಯವಿರುವೆಡೆ ಅಂಟಿಸಿ ಮುಚ್ಚಿದ ಪೆಟ್ಟಿಗೆ ಗ್ರಾಹಕರಿಗೆ ಭರವಸೆ ನೀಡುತ್ತದೆ ಎಂಬುದು ತಯಾರಕರ ಮುಖ್ಯ ವಾದ. ಕೊಳವೆಯ ಬಾಯಿಗೆ ಅಂಟಿಸುವ ತೆಳುಹಾಳೆಯ ಮುದ್ರೆ ಇದೇ ಕೆಲಸವನ್ನು ಮಾಡಬಲ್ಲದು. ಮುದ್ರಿಸಬೇಕಾದ ವಿವರಗಳಿಗೆ ಸ್ಥಳ ಸಾಲದು ಎಂಬ ವಾದ ಚಿಕ್ಕ ಗಾತ್ರದ ಕೊಳವೆಗಳ ಮಟ್ಟಿಗೆ ನಿಜ, ಅದರಲ್ಲೂ ಹಲವು ಭಾಷೆಗಳಲ್ಲಿ ಮುದ್ರಿಸಬೇಕಾದಾಗ. ಅಮೆರಿಕದಲ್ಲಿ ಫ್ಲೋರೈಡ್ ಟೂತ್‌ಪೇಸ್ಟ್ ಔಷಧವೆಂದು ಪರಿಗಣಿತವಾಗಿರುವುದರಿಂದ ಮುದ್ರಿಸಬೇಕಾದ ಪಠ್ಯ ಇನ್ನೂ ದೀರ್ಘ. ಆದರೆ ಹೊರಪೊಟ್ಟಣವಿಲ್ಲದಿದ್ದರೆ ಕೊಳವೆಯ ಮೇಲೆಯೇ ಅದನ್ನು ಮುದ್ರಿಸಲು ಅಲ್ಲಿನ ನಿಯಮ ಒಪ್ಪುತ್ತದೆ. ಪೆಟ್ಟಿಗೆ ತೆಗೆದಾಗ ಸಾಗಣೆಯ ಡಬ್ಬವನ್ನು ಗಟ್ಟಿಗೊಳಿಸಬೇಕಾಗಿ ಬಂದರೆ ಉಳಿತಾಯದ ಒಂದು ಪಾಲು ಅಲ್ಲಿಯೇ ಕರಗಿಹೋಗುತ್ತದೆ.

ಹೆಚ್ಚು ತೂಕದ ಆಕ್ಷೇಪ ಮತ್ತೊಂದಿದೆ. ರಟ್ಟಿನ ಪೆಟ್ಟಿಗೆ, ಅದಕ್ಕೆ ಪ್ಲಾಸ್ಟಿಕ್ ಲೇಪವಿಲ್ಲದಿದ್ದರೆ, ಸುಲಭವಾಗಿ ಮರುಬಳಕೆಯಾಗುತ್ತದೆ. ಬೆಂಗಳೂರಿನಂತಹ ನಗರಗಳಲ್ಲಿ ಚಿಂದಿ ಆಯುವವರಿಗೆ ಕಾಗದ ಮತ್ತು ರಟ್ಟು ಬೆಲೆ ಸಿಗುವ ಸರಕು. ಅಲ್ಯೂಮಿನಿಯಂ ಪದರವಿರುವ ಕೊಳವೆಯ ಸ್ಥಿತಿ ಬೇರೆ: ಅಂಟಿಕೊಂಡ ಪದರಗಳನ್ನು ಬೇರ್ಪಡಿಸುವುದು ಕಷ್ಟ, ಒಳಗೆ ಪೇಸ್ಟ್ ಉಳಿದಿರುತ್ತದೆ, ಗುಜರಿಯಲ್ಲಿ ಅದನ್ನು ಕೊಳ್ಳುವವರು ವಿರಳ. ಪೆಟ್ಟಿಗೆಯನ್ನಷ್ಟೇ ಕೈಬಿಟ್ಟರೆ ಕಸದಲ್ಲಿ ಉಳಿಯುವುದು ಈ ಕೊಳವೆ ಮಾತ್ರ. ಈ ಕಾರಣದಿಂದ ಕೆಲವು ತಯಾರಕರು ಒಂದೇ ಬಗೆಯ ಪ್ಲಾಸ್ಟಿಕ್‌ನಿಂದ ಕೊಳವೆ ಮಾಡುವತ್ತ ಹೊರಳಿದ್ದಾರೆ. ಹಾಲಿನ ಬಾಟಲಿಗೆ ಬಳಸುವ ಅಧಿಕ ಸಾಂದ್ರತೆಯ ಪಾಲಿಎಥಿಲೀನ್‌ನಿಂದ ಮಾಡಿದ ಕೋಲ್ಗೇಟ್ ಸಂಸ್ಥೆಯ ಕೊಳವೆಗೆ 2019ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಮರುಬಳಕೆದಾರರ ಸಂಘದ ಮನ್ನಣೆ ದೊರೆಯಿತು. ಅಂತಹ ಕೊಳವೆಯನ್ನೂ ಮನೆಗಳಲ್ಲಿ ಒಣಕಸವಾಗಿ ಬೇರ್ಪಡಿಸಿ, ಸಂಗ್ರಹಣಾ ಕೇಂದ್ರಗಳಲ್ಲಿ ಹಳೆಯ ಪದರಗೊಳವೆಗಳಿಂದ ಪ್ರತ್ಯೇಕವಾಗಿ ಗುರುತಿಸಿದರೆ ಮಾತ್ರ ಮರುಬಳಕೆ ಸಾಧ್ಯ. ಹೊರನೋಟಕ್ಕೆ ಎರಡೂ ಒಂದೇ ರೀತಿ ಕಾಣುತ್ತವೆ.