ತಲೆಯ ಮೇಲೆ ಹೊತ್ತ ಬೆಟ್ಟ

ಮಗಳ ಮನೆಗೆಂದು ಇಟಲಿಗೆ ಹೋಗಿದ್ದೆ. "ನಾಲ್ಕು ದಿನ ಬೆಟ್ಟದ ಊರುಗಳಲ್ಲಿ ನಡೆದಾಡಿ ಬರೋಣ ಅಮ್ಮ" ಎಂದು ಅವಳು ಹೊರಡಿಸಿದಾಗ, "ನಡೆಯುವುದಕ್ಕೂ ರಜೆ ಹಾಕಬೇಕೇನೆ?" ಎಂದು ನಕ್ಕೆ. ಕುಮಟೆಯ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಶಾಲೆಗೆಂದು ದಿನವೂ ಗುಡ್ಡ ಹತ್ತಿಳಿದವಳಿಗೆ ನಡಿಗೆ ಎಂದೂ ವಿಹಾರವಾಗಿರಲಿಲ್ಲ.

ಹೋದದ್ದು ಚಿಂಕ್ವೆ ತೆರ್ರೆಗೆ. ಹಾಗೆಂದರೆ 'ಐದು ನೆಲಗಳು'. ಲಿಗೂರಿಯಾ ಕರಾವಳಿಯಲ್ಲಿ ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯಾ, ಮನರೋಲಾ, ರಿಯೊಮಜ್ಜೋರೆ ಎಂಬ ಐದು ಊರುಗಳು ಕಡಿದಾದ ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡಂತೆ ಕೂತಿವೆ. 1874ರಲ್ಲಿ ಜಿನೋವಾದಿಂದ ಲಾ ಸ್ಪೆತ್ಸಿಯಾಕ್ಕೆ ರೈಲು ಬರುವವರೆಗೆ ದೋಣಿ ಮತ್ತು ಕಾಲುದಾರಿ, ಇವೆರಡೇ ಅವರಿಗಿದ್ದ ಸಂಪರ್ಕ. ಇಂದು ಪ್ರವಾಸಿಗಳು ಬೆನ್ನಿಗೆ ಚೀಲ ಕಟ್ಟಿ ನಡೆಯುವುದು ಆ ಹಳೆಯ ದಾರಿಗಳಲ್ಲೇ.

ವೆರ್ನಾತ್ಸಾದಿಂದ ಕೊರ್ನೀಲ್ಯಾಕ್ಕೆ ಹೊರಟೆವು. ನಾಲ್ಕು ಕಿಲೋಮೀಟರಿನೊಳಗಿನ ದಾರಿಯಾದರೂ ಮೆಟ್ಟಿಲುಗಳಿಗೆ ಕೊನೆಯೇ ಇಲ್ಲ. ಅರ್ಧದಲ್ಲೇ ಏದುಸಿರು ಬಂದು ಪಕ್ಕದ ಗೋಡೆಗೆ ಒರಗಿದೆ. ಆಗ ನೋಡಿದೆ: ಕಲ್ಲಿನ ಮೇಲೆ ಕಲ್ಲು, ನಡುವೆ ಗಾರೆಯಿಲ್ಲ. ತಲೆಯೆತ್ತಿದರೆ ಅಂಥದೇ ಇನ್ನೊಂದು ಗೋಡೆ, ಅದರ ಮೇಲೆ ಮತ್ತೊಂದು. ಪ್ರತಿ ಎರಡು ಗೋಡೆಗಳ ನಡುವೆ ಸೀರೆಯ ಅಂಚಿನಷ್ಟು ಮಣ್ಣು, ಆ ಮಣ್ಣಿನಲ್ಲಿ ದ್ರಾಕ್ಷಿಬಳ್ಳಿ.

ಸುಮಾರು ಸಾವಿರ ವರ್ಷಗಳಿಂದ ಜನ ಈ ಬೆಟ್ಟವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು ನೆಲ ಮಾಡಿಕೊಂಡಿದ್ದಾರೆ. ಗಾರೆ ಹಾಕದ್ದು ಬಡತನಕ್ಕಷ್ಟೇ ಅಲ್ಲ. ಸಂದುಗಳಿಂದ ಮಳೆನೀರು ಹರಿದುಹೋದರೆ ಮಾತ್ರ ಗೋಡೆ ಉಳಿಯುತ್ತದೆ. 1997ರಲ್ಲಿ ಯುನೆಸ್ಕೋ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2018ರಲ್ಲಿ, ಇಟಲಿಯೂ ಸೇರಿ ಹಲವು ದೇಶಗಳ ಈ ಗೋಡೆ ಕಟ್ಟುವ ವಿದ್ಯೆಗೂ ಅದರ ಮನ್ನಣೆ ಸಿಕ್ಕಿತು.

ಆದರೆ ಈ ಕಲ್ಲು, ಮಣ್ಣನ್ನೆಲ್ಲ ಇಲ್ಲಿಗೆ ಹೊತ್ತವರು ಯಾರು? ಹೆಂಗಸರೂ ಹೊತ್ತರು, ತಲೆಯ ಮೇಲಿನ ಬುಟ್ಟಿಗಳಲ್ಲಿ. ಸುಗ್ಗಿಯಲ್ಲಿ ದ್ರಾಕ್ಷಿಯೂ ಹಾಗೆಯೇ ಇಳಿಯುತ್ತಿತ್ತು. 1869ರಲ್ಲಿ ಲಾ ಸ್ಪೆತ್ಸಿಯಾದಲ್ಲಿ ನೌಕಾಪಡೆಯ ದೊಡ್ಡ ಕಾರ್ಖಾನೆ ತೆರೆಯಿತು. ಹಿಂದೆಯೇ ರೈಲೂ ಬಂತು. ಗಂಡಸರು ಸಂಬಳದ ಕೆಲಸಕ್ಕೆ ಹೋದಂತೆಲ್ಲ ತೋಟದ ಭಾರ ಹೆಂಗಸರ ಮೇಲೆ ಇನ್ನಷ್ಟು ಬಿತ್ತು.

ಕೊರ್ನೀಲ್ಯಾ ಹತ್ತಿರವಾಗುವಾಗ ಒಬ್ಬ ಮುದುಕಿ ಬಿದ್ದ ಕಲ್ಲುಗಳನ್ನು ಎತ್ತಿ ಜೋಡಿಸುತ್ತಿದ್ದಳು. ಮಗಳು ಮಾತಾಡಿಸಿದಳು. ಆಕೆ ತನ್ನ ತಾಯಿಯ ಸುದ್ದಿ ಹೇಳುತ್ತ ತಲೆ ಮುಟ್ಟಿ ತೋರಿಸಿದಳು. ನನಗೇನು ಅನ್ನಿಸಿತೋ, ಹೆಗಲ ಶಾಲನ್ನು ಸುತ್ತಿ ಸಿಂಬೆ ಮಾಡಿ ನನ್ನ ತಲೆಯ ಮೇಲಿಟ್ಟುಕೊಂಡೆ. ಆಕೆ ಜೋರಾಗಿ ನಕ್ಕು "ಸೀ, ಸೀ" ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಥೇಟ್ ನಮ್ಮ ಆಯಿಯದರಂತೆ ಒರಟಾಗಿತ್ತು.

ಆಯಿ ಬೆಟ್ಟದಿಂದ ಅಡಿಕೆ ತೋಟಕ್ಕೆ ಸೊಪ್ಪು ಹೊತ್ತವಳು. ಮಳೆಗಾಲ ಮುಗಿದ ಮೇಲೆ ಕುಸಿದ ದರೆಗೆ ಕಲ್ಲು ಹೊತ್ತವಳು. ಪಹಣಿಯಲ್ಲಿ ಇದ್ದದ್ದು ಅಪ್ಪನ ಹೆಸರು. "ನಮ್ಮ ತೋಟ ಅಪ್ಪ ಮಾಡಿದ್ದು" ಎಂದೇ ನಾವೆಲ್ಲ ಹೇಳುತ್ತ ಬೆಳೆದೆವು. ಇತಿಹಾಸದ ಮೇಷ್ಟರಾಗಿ ಮೂವತ್ತು ವರ್ಷ ರಾಜರ ಕೋಟೆಗಳನ್ನು ಪಾಠ ಮಾಡಿದ ನಾನೂ ಹಾಗೆಯೇ ಹೇಳಿದೆ. ಈಗ ಅಣ್ಣ ಹುಬ್ಬಳ್ಳಿಯಲ್ಲಿ, ನಾನು ಶಿರಸಿಯಲ್ಲಿ. ತೋಟದ ಮೇಲಿನ ಗೋಡೆ ಬಿದ್ದು ಮೂರು ಮಳೆಗಾಲ ಕಳೆದಿವೆ.

ಗೋಡೆ ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಅಲ್ಲಿಯೇ ಕಂಡೆ. ಚಿಂಕ್ವೆ ತೆರ್ರೆಯ ಬಹಳಷ್ಟು ಮೆಟ್ಟಿಲು ತೋಟಗಳು ಈಗ ಪಾಳು. 2011ರ ಅಕ್ಟೋಬರ್ 25ರಂದು ಮಹಾಮಳೆ ಸುರಿದು ಬೆಟ್ಟ ಜಾರಿತು. ವೆರ್ನಾತ್ಸಾದ ಬೀದಿ ಕೆಸರು, ಕಲ್ಲುಗಳಲ್ಲಿ ಹೂತುಹೋಗಿ ಮೂವರು ಸತ್ತರು. ಆರೈಕೆಯಿಲ್ಲದೆ ಬಿಟ್ಟ ಮೆಟ್ಟಿಲುಗಳಲ್ಲಿ ಕುಸಿತ ಹೆಚ್ಚೆಂದು ಆಮೇಲಿನ ಅಧ್ಯಯನಗಳು ಹೇಳಿದವು. ಈಗ ಕೆಲವು ತೋಟಗಳಲ್ಲಿ ದ್ರಾಕ್ಷಿ ಸಾಗಿಸಲು ಒಂಟಿ ಹಳಿಯ ಪುಟ್ಟ ಗಾಡಿಗಳಿವೆ. ತಲೆಯ ಹೊರೆ ಇಳಿಯಿತು, ಸಂತೋಷ. ಆದರೆ ಬಿದ್ದ ಕಲ್ಲನ್ನು ಮತ್ತೆ ಜೋಡಿಸಲು ಕೈಯೇ ಬೇಕು.

ಅಂದು ರಾತ್ರಿ ಅಣ್ಣನಿಗೆ ಫೋನು ಮಾಡಿದೆ. "ಈ ಬೇಸಿಗೆಯಲ್ಲಿ ಮೇಲಿನ ಗೋಡೆ ಕಟ್ಟಿಸೋಣ. ಅರ್ಧ ಖರ್ಚು ನನ್ನದು."

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಆ ಕಲ್ಲೆಲ್ಲ ಆಯಿ ಹೊತ್ತು ತಂದದ್ದು, ಅಲ್ಲವೇನೆ?"

ಅವನಿಗೂ ಗೊತ್ತಿತ್ತು. ಇಷ್ಟು ವರ್ಷ ನಾವಿಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.