ಕ್ಷೀರಸಾತ್ಮ್ಯ ವಿಚಾರ

ನಮ್ಮ ವೈದ್ಯಗ್ರಂಥಗಳಲ್ಲಿ ಬರುವ ‘ಅಸಾತ್ಮ್ಯ’ ಶಬ್ದವನ್ನು ಈಚಿನವರು ‘ಅಲರ್ಜಿ’ ಎಂಬುದಕ್ಕೆ ಪರ್ಯಾಯವಾಗಿ ಇಡುವುದುಂಟು. ಹಾಗೆ ಇಟ್ಟಮೇಲೆ, ಹಸುವಿನ ಹಾಲಿನಿಂದ ಕೆಲವು ಶಿಶುಗಳಿಗೆ ಉಂಟಾಗುವ ಈ ವ್ಯಾಧಿಯನ್ನು ಪ್ರಾಚೀನಾಚಾರ್ಯರು ಅರಿತಿದ್ದರೆಂದು ಸಾಧಿಸುವುದು ಸುಲಭವಾಗಿ ತೋರುತ್ತದೆ. ಈ ಸಮೀಕರಣವು ಗ್ರಂಥಗಳಿಗೆ ಸಮ್ಮತವೇ ಎಂಬುದನ್ನು ಪರಾಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಗ್ರಂಥಗಳನ್ನು ನೋಡೋಣ. ನವಜಾತ ಶಿಶುವಿನ ಆಹಾರಕ್ರಮದಲ್ಲಿ ಆಚಾರ್ಯರೊಳಗೆ ಐಕಮತ್ಯವಿಲ್ಲ. ಜಾತಕರ್ಮದಲ್ಲಿ ಮಧುಘೃತಪ್ರಾಶನವಾದ ಬಳಿಕ ತಾಯಿಯ ಬಲಸ್ತನವನ್ನು ಕೊಡಬೇಕೆಂದು ಚರಕಸಂಹಿತೆಯ ಶಾರೀರಸ್ಥಾನವು ವಿಧಿಸುತ್ತದೆ. ಸುಶ್ರುತನಾದರೋ ಸ್ತನ್ಯವು ಮೂರು ನಾಲ್ಕು ರಾತ್ರಿಗಳ ಮೇಲೆ ಪ್ರವರ್ತಿಸುವುದೆಂದು ಹೇಳಿ, ಮೊದಲ ದಿನ ಜೇನುತುಪ್ಪಗಳನ್ನೂ, ಎರಡನೆಯ ಮೂರನೆಯ ದಿನಗಳಲ್ಲಿ ಔಷಧಸಿದ್ಧವಾದ ತುಪ್ಪವನ್ನೂ ಕೊಡಿಸುತ್ತಾನೆ. ಸ್ತನ್ಯವು ಸಾಲದಿದ್ದಲ್ಲಿ ಆಡಿನ ಹಾಲನ್ನಾಗಲಿ ಹಸುವಿನ ಹಾಲನ್ನಾಗಲಿ ಮಾತ್ರೆಯರಿತು ಕೊಡಬೇಕೆಂಬುದು ಅವನ ಮತವು; ಶಿಶುವು ಕ್ಷೀರಸಾತ್ಮ್ಯವುಳ್ಳದ್ದೆಂಬುದೇ ಅದಕ್ಕೆ ಅವನು ಕೊಡುವ ಕಾರಣ. ವಾಗ್ಭಟನು ಅದೇ ಹಾಲನ್ನು ಲಘುಪಂಚಮೂಲದಿಂದ ಸಂಸ್ಕರಿಸಿ ಸಕ್ಕರೆಯೊಡನೆ ಕೊಡಹೇಳುತ್ತಾನೆ.

ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಹಾಲು ಸರ್ವಪ್ರಾಣಿಗಳಿಗೂ ಹುಟ್ಟಿನಿಂದಲೇ ಸಾತ್ಮ್ಯವೆಂಬುದು ಸುಶ್ರುತನ ಸಾಮಾನ್ಯ ಸಿದ್ಧಾಂತ. ಒಂದು ಜಾತಿಯ ಹಾಲು ಮತ್ತೊಂದು ಜಾತಿಯ ಶಿಶುವಿಗೆ ವಿಷದಂತಾಗಬಹುದೆಂಬ ಶಂಕೆಗೆ ಆ ವಾಕ್ಯದಲ್ಲಿ ಅವಕಾಶವಿಲ್ಲ. ಎರಡನೆಯದಾಗಿ, ಚರಕನು ಅಭ್ಯಾಸದಿಂದ ಒಗ್ಗಿದ್ದನ್ನು ‘ಓಕಸಾತ್ಮ್ಯ’ವೆಂದು ಕರೆದು, ರೂಢಿಯನ್ನು ಬಿಡುವಾಗಲೂ ಹಿಡಿಯುವಾಗಲೂ ಪಾದಾಂಶ ಕ್ರಮವನ್ನು ಅನುಸರಿಸಬೇಕೆನ್ನುತ್ತಾನೆ. ಆದಕಾರಣ ಸಾತ್ಮ್ಯವೆಂಬುದು ಜಾತಿ, ದೇಶ, ಋತು, ಅಭ್ಯಾಸಗಳನ್ನೆಲ್ಲ ಒಳಗೊಂಡ ವಿಶಾಲ ಶಬ್ದವು. ಅಲರ್ಜಿಯಾದರೋ ಸಂಕುಚಿತವಾದ ಪಾರಿಭಾಷಿಕ ಪದ: ಶರೀರದ ರಕ್ಷಣವ್ಯವಸ್ಥೆಯು ಹಾಲಿನ ಪ್ರೋಟೀನಿನಂಥ ನಿರಪಾಯ ವಸ್ತುವನ್ನು ಶತ್ರುವೆಂದು ಭಾವಿಸಿ ಪ್ರತಿಭಟಿಸುವುದು. ಈ ಪದವನ್ನು ವಿಯೆನ್ನಾ ನಗರದ ವೈದ್ಯ ಪಿರ್ಕೆಯು 1906ರಲ್ಲಿ ನಿರ್ಮಿಸಿದನು.

ಗಿಣ್ಣನ್ನು ತಿಂದು ಕೆಲವರು ಸುಖವಾಗಿರುವರು, ಕೆಲವರು ಬಾಧೆಪಡುವರು ಎಂಬ ಮಾತು ಹಿಪ್ಪೊಕ್ರಟೀಸನ ಹೆಸರಿನ ಗ್ರಂಥಗಳಲ್ಲೊಂದರಲ್ಲಿ ಬರುತ್ತದೆ. ಆದರೆ ಶಿಶುಗಳ ವಿಷಯದಲ್ಲಿ ಲೆಕ್ಕವಿಟ್ಟು ನೋಡಿದ್ದು ಬಹಳ ಈಚೆಗೆ. 1936ರಲ್ಲಿ ಷಿಕಾಗೋ ನಗರದ ಗ್ರೂಲಿ, ಸ್ಯಾನ್‌ಫರ್ಡ್ ಎಂಬ ವೈದ್ಯರು 20,061 ಶಿಶುಗಳನ್ನು ಪರಿಶೀಲಿಸಿ, ಮೊಲೆಹಾಲು ಕುಡಿದವುಗಳಿಗಿಂತ ಹಸುವಿನ ಹಾಲಿನಿಂದ ಬೆಳೆದವುಗಳಲ್ಲಿ ಇಸುಬು ಸುಮಾರು ಏಳುಪಟ್ಟು ಹೆಚ್ಚೆಂದು ಪ್ರಕಟಿಸಿದರು. ‘ದೂರವಿಡುವುದೇ ರಕ್ಷೆ’ ಎಂಬ ಮತವು ಮುಂದೆ ಬಲಿಯಿತು. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಅಲರ್ಜಿಯ ಕುಲದ ಶಿಶುಗಳಿಗೆ ಒಂದು ವರ್ಷದವರೆಗೆ ಹಸುವಿನ ಹಾಲಿನ ಪದಾರ್ಥಗಳನ್ನು ಕೊಡಕೂಡದೆಂದಿತು. ಆಧಾರ ಸಾಲದೆಂದು 2008ರಲ್ಲಿ ಆ ಮತವನ್ನು ಕೈಬಿಟ್ಟಿತು.

ಅನಂತರದ ಶೋಧನೆಗಳು ಇನ್ನೂ ವಿಚಿತ್ರ. 2010ರಲ್ಲಿ ಪ್ರಕಟವಾದ ಇಸ್ರೇಲಿನ ಪರಿಶೀಲನೆಯಲ್ಲಿ, ಹುಟ್ಟಿದ 14 ದಿನಗಳೊಳಗೆ ಹಸುವಿನ ಹಾಲಿನ ಶಿಶು ಆಹಾರವನ್ನು ಮೊದಲುಮಾಡಿದವರಲ್ಲಿ ಶೇಕಡ 0.05 ಮಂದಿಗೂ, 105ರಿಂದ 194 ದಿನಗಳ ನಡುವೆ ಮೊದಲುಮಾಡಿದವರಲ್ಲಿ ಶೇಕಡ 1.75 ಮಂದಿಗೂ ಅಲರ್ಜಿ ಕಂಡಿತು. 2019ರ ಜಪಾನಿನ ಪ್ರಯೋಗವು ಇದಕ್ಕೆ ವಿರುದ್ಧವೆಂಬಂತೆ, ಮೊದಲ ಮೂರು ದಿನವಾದರೂ ಅದನ್ನು ವರ್ಜಿಸಿದವರಲ್ಲಿ ಹಾಲಿನ ವಿರುದ್ಧ ರಕ್ತದಲ್ಲಿ ತೋರುವ ಲಕ್ಷಣವು ಶೇಕಡ 32.2ರಿಂದ 16.8ಕ್ಕೆ ಇಳಿಯಿತೆಂದು ತೋರಿಸಿತು. 2021ರಲ್ಲಿ ಓಕಿನಾವದ ವೈದ್ಯರು ಒಂದನೆಯ ತಿಂಗಳಿಂದ ಎರಡನೆಯ ತಿಂಗಳವರೆಗೆ ದಿನಂಪ್ರತಿ 10 ಮಿಲಿಲೀಟರಿಗೆ ಕಡಮೆಯಾಗದಂತೆ ಕೊಟ್ಟಾಗ ಅಲರ್ಜಿಯು ಶೇಕಡ 0.8 ಎಂದೂ, ವರ್ಜಿಸಿದಾಗ 6.8 ಎಂದೂ ಕಂಡರು. ಕೊಡುವುದು, ಬಿಡುವುದು ಎಂಬೆರಡೇ ಪ್ರಶ್ನೆಯಲ್ಲ. ಯಾವಾಗ, ಎಷ್ಟು, ಎಡೆಬಿಡದೆಯೇ ಎಂಬುದೂ ನಿರ್ಣಾಯಕವೆಂದು ಇವುಗಳಿಂದ ಊಹಿಸಬಹುದು.

ಈ ಫಲವು ಓಕಸಾತ್ಮ್ಯಕ್ಕೆ ಹತ್ತಿರವಾಗಿದೆಯೆಂದು ಯಾರಿಗಾದರೂ ಹೊಳೆಯದಿರದು. ಆದರೆ ಸಾದೃಶ್ಯವು ಪ್ರಮಾಣವಲ್ಲ. ಅಭ್ಯಾಸದಿಂದ ಒಗ್ಗುವುದೆಂಬ ಸಾಮಾನ್ಯ ನಿಯಮವನ್ನು ಚರಕನು ಕಂಡನು. ಈ ವ್ಯಾಧಿಯನ್ನು ಕಂಡನೆಂದು ಅದರಿಂದ ಸಿದ್ಧಿಸುವುದಿಲ್ಲ. ಅಲರ್ಜಿಯು ಪ್ರಕಟವಾದ ಶಿಶುವಿಗೆ ‘ಪಾದಾಂಶ ಕ್ರಮ’ವೆಂದು ಮನೆಯಲ್ಲಿ ಹಾಲನ್ನು ಏರಿಸುತ್ತ ಹೋಗುವುದು ಪ್ರಾಣಾಪಾಯಕರ. ಮಧುಪ್ರಾಶನವೂ ಹಾಗೆಯೇ: ಜೇನಿನಲ್ಲಿರಬಹುದಾದ ಬೀಜಾಣುಗಳಿಂದ ಶಿಶುಗಳಿಗೆ ಬಾಟ್ಯುಲಿಸಂ ಎಂಬ ರೋಗವುಂಟಾಗುವುದು 1976ರಿಂದೀಚೆಗೆ ತಿಳಿದ ಕಾರಣ, ವರ್ಷ ತುಂಬುವವರೆಗೆ ಅದು ನಿಷಿದ್ಧ. ಮೊದಲ ಆರು ತಿಂಗಳು ತಾಯಿಯ ಹಾಲೇ ಆಹಾರವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಸುಶ್ರುತನೂ ಅನ್ನಪ್ರಾಶನವನ್ನು ಆರನೆಯ ತಿಂಗಳಿಗೇ ಇಟ್ಟಿರುವನು.

ಆದುದರಿಂದ ವೈದ್ಯಗ್ರಂಥಗಳನ್ನು ಸಂಪಾದಿಸುವವರೂ ಪಾಠಹೇಳುವವರೂ ‘ಅಸಾತ್ಮ್ಯ’ಕ್ಕೆ ‘ಒಗ್ಗದುದು’ ಎಂಬ ಅರ್ಥವನ್ನೇ ಬರೆದು, ಅಲರ್ಜಿಯನ್ನು ಅಲರ್ಜಿಯೆಂದೇ ಕರೆಯುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಗ್ರಂಥವು ಹೇಳದುದನ್ನು ಅದರ ಬಾಯಲ್ಲಿ ಹೇಳಿಸುವುದರಿಂದ ಶಾಸ್ತ್ರಕ್ಕೆ ಗೌರವ ಹೆಚ್ಚುವುದಿಲ್ಲ. ಅದನ್ನು ನಂಬಿ ನಡೆದ ಮನೆಯಲ್ಲಿ ಕೂಸಿಗೆ ಕೇಡಾದೀತು.